ಖಾಸಗಿ ಶಾಲೆಗೂ ಪಬ್ಲಿಕ್ ಶಾಲೆಗೂ ಒಂದೇ ಟೂರ್ನಿ: ಇದು ನ್ಯಾಯವೇ?

ಪ್ರಶ್ನೆ: “ಸರ್, ನಾವು ಓಹಾಯೊದ ಒಂದು ಸಣ್ಣ ಊರಿನಲ್ಲಿದ್ದೇವೆ, ಮೂಲ ಹಾಸನದ ಕಡೆಯವರು. ಹತ್ತನೇ ಗ್ರೇಡಿನ ಮಗಳು ಇಲ್ಲಿನ ಪಬ್ಲಿಕ್ (ಅಂದರೆ ಸರ್ಕಾರಿ) ಹೈಸ್ಕೂಲಿನ ವಾಲಿಬಾಲ್ ತಂಡದಲ್ಲಿ ಆಡುತ್ತಾಳೆ. ಲೀಗ್ ಗೆದ್ದು ಬಂದ ತಂಡ ಟೂರ್ನಿಯಲ್ಲಿ ನಗರದ ಒಂದು ಕ್ಯಾಥೊಲಿಕ್ ಶಾಲೆಯ ಎದುರು ನೇರ ಮೂರು ಸೆಟ್‌ಗಳಲ್ಲಿ ಸೋತಿತು. ನಮ್ಮ ಹುಡುಗಿಯರೆಲ್ಲ ಒಂದನೇ ಗ್ರೇಡಿನಿಂದ ಜೊತೆಗೆ ಓದಿದವರು. ಆ ತಂಡದವರು ನಾಲ್ಕೈದು ಕೌಂಟಿಗಳಿಂದ ಬಂದವರಂತೆ. ಜೊತೆಗೆ ಕೂತಿದ್ದ ಪೋಷಕರೆಲ್ಲ ‘ಅವರು ಸ್ಕಾಲರ್‌ಶಿಪ್ ಕೊಟ್ಟು ಎಳ್ಕೊಳ್ತಾರೆ, ಅವರಿಗೆ ಬೇರೆ ಟೂರ್ನಿ ಮಾಡಬೇಕು’ ಎಂದರು. ಆದರೆ ನಮ್ಮ ಪಕ್ಕದ ಸ್ಕೂಲ್ ಡಿಸ್ಟ್ರಿಕ್ಟಿನ (ಒಂದು ಪ್ರದೇಶದ ಪಬ್ಲಿಕ್ ಶಾಲೆಗಳ ಆಡಳಿತ ವ್ಯಾಪ್ತಿ) ಪಬ್ಲಿಕ್ ಶಾಲೆಯೂ ಓಪನ್ ಎನ್‌ರೋಲ್‌ಮೆಂಟ್ ಹೆಸರಿನಲ್ಲಿ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಲ್ಲವೇ? ಮಗಳನ್ನು ಆ ಖಾಸಗಿ ಶಾಲೆಗೇ ಸೇರಿಸಿಬಿಡೋಣ ಅನ್ನಿಸುತ್ತಿದೆ. ಎಂಟನೇ ಗ್ರೇಡಿನ ಮಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಅವನ ವಿಷಯದಲ್ಲಾದರೂ ಮೊದಲೇ ಎಚ್ಚರ ವಹಿಸಬೇಕೇ?”

ಉತ್ತರ: ನೀವು ಕೇಳಿರುವುದು ಎರಡು ಬೇರೆ ವಿಷಯ. ಈ ವ್ಯವಸ್ಥೆ ನ್ಯಾಯವಾಗಿದೆಯೇ ಎಂಬುದು ಒಂದು, ಮಕ್ಕಳನ್ನು ಎಲ್ಲಿಗೆ ಸೇರಿಸಬೇಕು ಎಂಬುದು ಇನ್ನೊಂದು. ಸೋತ ಬೇಸರದಲ್ಲಿ ಎರಡೂ ಕಲಸಿಹೋಗುತ್ತವೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಸುಲಭವಾಗುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಮೊದಲು ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಕೋಚ್ ಆಗಿದ್ದವನು, ಈಗ ಪಬ್ಲಿಕ್ ಹೈಸ್ಕೂಲಿನಲ್ಲಿ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಶಾಲೆಯ ಆಟಗಳ ಉಸ್ತುವಾರಿ ನನ್ನದು. ಎರಡೂ ಕಡೆಯ ಪೋಷಕರ ಸಿಟ್ಟನ್ನು ಹತ್ತಿರದಿಂದ ಕಂಡಿದ್ದೇನೆ.

ನಿಮ್ಮ ದೂರಿನಲ್ಲಿ ಹುರುಳಿದೆ. ಆದರೆ ಅಂದು ನಿಮ್ಮ ಜೊತೆ ಕೂತಿದ್ದ ಪೋಷಕರು ಗೆರೆಯನ್ನು ತಪ್ಪು ಜಾಗದಲ್ಲಿ ಎಳೆದಿದ್ದಾರೆ. ಒಂದು ಶಾಲೆಗೆ ಮಕ್ಕಳು ಎಷ್ಟು ದೊಡ್ಡ ಪ್ರದೇಶದಿಂದ ಬರಬಹುದು, ಬರುವ ಮಕ್ಕಳ ಮನೆಯ ಅನುಕೂಲ ಎಷ್ಟು ಎಂಬುದರಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಶಾಲೆ ಖಾಸಗಿಯೋ ಪಬ್ಲಿಕ್ಕೋ ಎಂಬುದು ಅದರ ಒಂದು ಭಾಗ ಮಾತ್ರ. ಪಕ್ಕದ ಡಿಸ್ಟ್ರಿಕ್ಟಿನ ಬಗ್ಗೆ ನೀವೇ ಬರೆದ ಸಾಲು ನಿಮ್ಮನ್ನು ಸರಿಯಾದ ದಾರಿಗೆ ತಂದಿದೆ.

‘ಸ್ಕಾಲರ್‌ಶಿಪ್ ಕೊಟ್ಟು ಎಳ್ಕೊಳ್ತಾರೆ’ ಎಂಬ ಮಾತನ್ನು ಮೊದಲು ನೋಡೋಣ. ಆಟಕ್ಕಾಗಿ ಮಗುವನ್ನು ಶಾಲೆಗೆ ಸೆಳೆಯುವುದನ್ನು ಇಲ್ಲಿನ ಶಾಲಾ ಟೂರ್ನಿಗಳನ್ನು ನಡೆಸುವ ಓಹಾಯೊ ಹೈಸ್ಕೂಲ್ ಅಥ್ಲೆಟಿಕ್ ಅಸೋಸಿಯೇಷನ್ ನಿಷೇಧಿಸಿದೆ. ಆಟದ ಸಾಮರ್ಥ್ಯ ನೋಡಿ ಫೀಸು ಬಿಡುವಂತಿಲ್ಲ, ಆದರೆ ಮನೆಯ ಆದಾಯ ನೋಡಿ ಕೊಡುವ ಸಹಾಯಕ್ಕೆ ಅಡ್ಡಿಯಿಲ್ಲ. ಓಪನ್ ಹೌಸ್ ಮಾಡಬಹುದು, ಬ್ರೋಷರ್ ಹಂಚಬಹುದು. ಆದರೆ ಕೋಚ್ ಒಬ್ಬ ಎಂಟನೇ ಗ್ರೇಡಿನ ಹುಡುಗನ ಮನೆಗೆ ಫೋನ್ ಮಾಡಿ ‘ನಮ್ಮಲ್ಲಿಗೆ ಬಾ’ ಎನ್ನುವಂತಿಲ್ಲ. ನಿಯಮ ಮುರಿಯುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ಟೆನ್ನೆಸ್ಸೀಯ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ಕೋಚ್ 1997ರಲ್ಲಿ ಎಂಟನೇ ಗ್ರೇಡಿನ ಹುಡುಗರಿಗೆ ಸ್ಪ್ರಿಂಗ್ ಪ್ರಾಕ್ಟೀಸಿಗೆ ಬನ್ನಿ ಎಂದು ಪತ್ರ ಬರೆದರು. ಅಲ್ಲಿನ ಅಸೋಸಿಯೇಷನ್ ದಂಡ ಹಾಕಿತು, ಶಾಲೆ ಕೋರ್ಟಿಗೆ ಹೋಯಿತು. ಆ ಪತ್ರದ ಜಗಳ ಎರಡು ಸಲ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಇಂಥ ಅಸೋಸಿಯೇಷನ್ನು ಸರ್ಕಾರದ ಅಂಗದಂತೆಯೇ ಸಂವಿಧಾನಕ್ಕೆ ಬದ್ಧ ಎಂದು 2001ರಲ್ಲಿ ತೀರ್ಪಾಯಿತು. ಮಕ್ಕಳನ್ನು ಸೆಳೆಯುವುದನ್ನು ತಡೆಯುವ ನಿಯಮ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲ ಎಂದು 2007ರಲ್ಲಿ ತೀರ್ಪಾಯಿತು. ಅಂದರೆ ನಿಯಮಕ್ಕೆ ಹಲ್ಲಿದೆ.

ಆದರೂ ನಾನು ಕಂಡಂತೆ ಮಕ್ಕಳು ಹೋಗುವುದು ಯಾರೋ ಕರೆದರು ಎಂದಲ್ಲ. ಕ್ಯಾಥೊಲಿಕ್ ಶಾಲೆಯಲ್ಲಿದ್ದಾಗ ನಾನು ಯಾರಿಗೂ ಫೋನ್ ಮಾಡಲಿಲ್ಲ, ಮಾಡುವ ಅಗತ್ಯವೇ ಬೀಳಲಿಲ್ಲ. ಶಾಲೆಯ ಹೊರಗೆ ನಡೆಯುವ ಕ್ಲಬ್ ವಾಲಿಬಾಲ್ ಪ್ರಾಕ್ಟೀಸ್ ಮುಗಿಯುವುದನ್ನು ಕಾಯುತ್ತ ಜಿಮ್ಮಿನ ಗೋಡೆಗೊರಗಿ ನಿಂತ ಪೋಷಕರು ತಾವೇ ಮಾತಾಡಿಕೊಳ್ಳುತ್ತಾರೆ: ಯಾವ ಶಾಲೆಯಲ್ಲಿ ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು) ಜಾಗ ಖಾಲಿಯಾಗುತ್ತಿದೆ, ಯಾರ ಮಗಳು ಎಲ್ಲಿಗೆ ಹೊರಟಿದ್ದಾಳೆ, ಕಾರ್‌ಪೂಲ್ ಆಗುತ್ತದೆಯೇ. ಗೆಲ್ಲುವ ತಂಡದ ಹೆಸರೇ ಮಕ್ಕಳನ್ನು ಕರೆಯುತ್ತದೆ. ಇದು ಯಾವ ನಿಯಮದ ಉಲ್ಲಂಘನೆಯೂ ಅಲ್ಲ, ಹಾಗಾಗಿ ನಿಯಮದಿಂದ ನಿಲ್ಲಿಸಲೂ ಆಗುವುದಿಲ್ಲ.

‘ಯಾವಾಗಲೂ ಖಾಸಗಿಯವರೇ ಗೆಲ್ಲುತ್ತಾರೆ’ ಎಂಬುದು ಇನ್ನೊಂದು ಮಾತು. ಶಾಲೆಗಳ ಸಂಖ್ಯೆಗೆ ಹೋಲಿಸಿದರೆ ಖಾಸಗಿಯವರ ಟ್ರೋಫಿಗಳ ಪಾಲು ದೊಡ್ಡದು, ನಿಜ. ಕ್ಲೀವ್‌ಲ್ಯಾಂಡ್ ಪಕ್ಕದ ಸೇಂಟ್ ಎಡ್ವರ್ಡ್ 2021ರಿಂದ 2023ರವರೆಗೆ ಸತತ ಮೂರು ವರ್ಷ ಅತಿ ದೊಡ್ಡ ಡಿವಿಷನ್ನಿನ (ಶಾಲೆಯ ಗಾತ್ರ ನೋಡಿ ಮಾಡುವ ಟೂರ್ನಿ ಗುಂಪು) ಅಮೆರಿಕನ್ ಫುಟ್‌ಬಾಲ್ ಪ್ರಶಸ್ತಿ ಗೆದ್ದಿತು. ಆದರೆ 2024ರ ಫೈನಲಿನಲ್ಲಿ ಸಿನ್ಸಿನ್ನಾಟಿಯ ಕ್ಯಾಥೊಲಿಕ್ ಶಾಲೆ ಮೋಲರನ್ನು ಸೋಲಿಸಿದ್ದು ಕೊಲಂಬಸ್ ಹೊರವಲಯದ ಪಬ್ಲಿಕ್ ಶಾಲೆ ಒಲೆಂಟಾಂಜಿ ಲಿಬರ್ಟಿ. ಓಹಾಯೊದಲ್ಲೇ ಅತಿ ಹೆಚ್ಚು ರಾಜ್ಯ ಫುಟ್‌ಬಾಲ್ ಪ್ರಶಸ್ತಿ ಗೆದ್ದ ಶಾಲೆ ಯಾವುದು ಗೊತ್ತೇ? ಮರ್ಸರ್ ಕೌಂಟಿಯ ಮರಿಯಾ ಸ್ಟೈನ್ ಎಂಬ ಹಳ್ಳಿಯ ಮರಿಯನ್ ಲೋಕಲ್. ಸುತ್ತ ಜೋಳದ ಹೊಲಗಳಿರುವ ಪುಟ್ಟ ಪಬ್ಲಿಕ್ ಶಾಲೆ ಅದು.

ಇನ್ನು ಓಪನ್ ಎನ್‌ರೋಲ್‌ಮೆಂಟ್. ಮಿನೆಸೋಟ ಈ ಪದ್ಧತಿಯನ್ನು ದೇಶದಲ್ಲಿ ಮೊದಲು ತಂದಿತು. ಓಹಾಯೊದಲ್ಲಿ ಇದಕ್ಕೆ ದಾರಿ ಮಾಡಿದ್ದು 1989ರ ಕಾನೂನು. ಹೊರಗಿನ ಮಕ್ಕಳಿಗೆ ಬಾಗಿಲು ತೆರೆಯಬೇಕೇ, ಪಕ್ಕದ ಡಿಸ್ಟ್ರಿಕ್ಟಿನವರಿಗೆ ಮಾತ್ರವೇ, ಇಡೀ ರಾಜ್ಯಕ್ಕೇ ಎಂಬುದನ್ನು ಆಯಾ ಡಿಸ್ಟ್ರಿಕ್ಟೇ ತೀರ್ಮಾನಿಸುತ್ತದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಹಳ್ಳಿಯ ಡಿಸ್ಟ್ರಿಕ್ಟುಗಳು ಸಾಮಾನ್ಯವಾಗಿ ತೆರೆದಿವೆ. ದೊಡ್ಡ ನಗರಗಳನ್ನು ಸುತ್ತುವರಿದ ಅನುಕೂಲಸ್ಥ ಸಬರ್ಬ್‌ಗಳಲ್ಲಿ ಹೆಚ್ಚಿನವು ಮುಚ್ಚಿವೆ. ಹಾಗಾದರೆ ಮುಚ್ಚಿದ ಡಿಸ್ಟ್ರಿಕ್ಟುಗಳಲ್ಲಿ ಆಯ್ಕೆ ನಡೆಯುವುದಿಲ್ಲವೇ? ಅಲ್ಲಿ ಆಯ್ಕೆ ಮಾಡುವುದು ಮನೆಯ ಬೆಲೆ. ನಮ್ಮ ಕನ್ನಡದ ಕುಟುಂಬಗಳೇ ಮನೆ ಹುಡುಕುವಾಗ ಮೊದಲು ಕೇಳುವುದು ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಎಂದು. ಶಾಲೆಯ ಫೀಸಿನ ಬದಲು ಮನೆಯ ಸಾಲದ ಕಂತಿನಲ್ಲಿ ನಾವು ಆ ಶಾಲೆಗೆ ಹಣ ಕಟ್ಟುತ್ತೇವೆ. ನಾನು ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಗಡಿ ಇರುವ ಶಾಲೆ ಎಂದ ಮಾತ್ರಕ್ಕೆ ಸಮಾನ ಶಾಲೆ ಎಂದಾಗುವುದಿಲ್ಲ ಎಂಬುದು ನಿಮಗೆ ಸ್ಪಷ್ಟವಾಗಲಿ ಎಂದು ಹೇಳುತ್ತಿದ್ದೇನೆ.

ಅನುಕೂಲದ ಮಾತನ್ನು ಇನ್ನೂ ಸ್ವಲ್ಪ ಬಿಡಿಸಬೇಕು, ಏಕೆಂದರೆ ನ್ಯಾಯದ ಚರ್ಚೆಯಲ್ಲಿ ಕೈಬಿಟ್ಟು ಹೋಗುವುದು ಇದೇ. ಟೂರ್ನಿಯ ಡಿವಿಷನ್ ನಿರ್ಧರಿಸುವುದು ಶಾಲೆಯ ಮಕ್ಕಳ ಸಂಖ್ಯೆ. ಹುಡುಗಿಯರ ಆಟಕ್ಕೆ ಹುಡುಗಿಯರನ್ನು, ಹುಡುಗರ ಆಟಕ್ಕೆ ಹುಡುಗರನ್ನು ಎಣಿಸುತ್ತಾರೆ. ಎರಡು ಶಾಲೆಗಳಲ್ಲಿ ತಲಾ 180 ಹುಡುಗಿಯರಿದ್ದರೆ ಕಾಗದದ ಮೇಲೆ ಅವು ಸಮ. ಒಂದರಲ್ಲಿ ಬಹುತೇಕ ಹುಡುಗಿಯರು ಆರನೇ ಗ್ರೇಡಿನಿಂದ ಕ್ಲಬ್ಬಿನಲ್ಲಿ ಆಡಿದವರು. ಕ್ಲಬ್ ವಾಲಿಬಾಲಿಗೆ ವರ್ಷಕ್ಕೆ ಸಾವಿರಗಟ್ಟಲೆ ಡಾಲರ್ ಬೇಕು, ವಾರಾಂತ್ಯವಿಡೀ ಕಾರು ಓಡಿಸಲು ಪುರುಸೊತ್ತಿರುವ ಪೋಷಕರೂ ಬೇಕು. ಇನ್ನೊಂದರಲ್ಲಿ ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಹೋಗುವವರು, ತಮ್ಮ ತಂಗಿಯರನ್ನು ನೋಡಿಕೊಳ್ಳುವವರು, ಸಂಜೆಯ ಬಸ್ಸಿಲ್ಲದೆ ಪ್ರಾಕ್ಟೀಸಿಗೆ ಉಳಿಯಲಾಗದವರು ಇದ್ದಾರೆ. ವಿಶೇಷ ಶಿಕ್ಷಣ ಬೇಕಾದ ಮಕ್ಕಳನ್ನೂ ಹೆಚ್ಚಾಗಿ ಪಬ್ಲಿಕ್ ಶಾಲೆಯೇ ನೋಡಿಕೊಳ್ಳುತ್ತದೆ. ಅವರೂ ಎಣಿಕೆಯಲ್ಲಿ ಸೇರುತ್ತಾರೆ. ಓಹಾಯೊದ ಶಾಲೆಗಳು ಪ್ರಾಪರ್ಟಿ ಟ್ಯಾಕ್ಸಿನ ಮೇಲೆ ಅತಿಯಾಗಿ ನಿಂತಿರುವುದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು 1997ರಲ್ಲೇ ಹೇಳಿದೆ. ಆದರೂ ಲೆವಿ, ಅಂದರೆ ಶಾಲೆಗಾಗಿ ಕೇಳುವ ತೆರಿಗೆ, ಊರಿನವರ ಮತದಾನದಲ್ಲಿ ಬಿದ್ದುಹೋದ ಡಿಸ್ಟ್ರಿಕ್ಟಿನಲ್ಲಿ ಬಸ್ಸಿಗೂ ಆಟಕ್ಕೂ ಕತ್ತರಿ ಬೀಳುವುದು ನಿಂತಿಲ್ಲ. ಆಡಲು ಫೀಸು ಕೇಳುವ ಪಬ್ಲಿಕ್ ಶಾಲೆಗಳೂ ಇವೆ, ಆ ಫೀಸು ಕಟ್ಟಲಾಗದೆ ತಂಡಕ್ಕೆ ಹೆಸರು ಕೊಡದ ಮಕ್ಕಳನ್ನು ನಾನು ಬಲ್ಲೆ.

ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದು ಮಿನೆಸೋಟ. ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆಯಲ್ಲಿ ಶೇಕಡ 40ರಷ್ಟನ್ನು ಶಾಲೆಯ ಒಟ್ಟು ಎಣಿಕೆಯಿಂದ ಕಳೆದು ಡಿವಿಷನ್ ಹಾಕುತ್ತಾರೆ. ಬಡತನ ಹೆಚ್ಚಿರುವ ಶಾಲೆ ಒಂದು ಹಂತ ಕೆಳಗೆ ಬಂದು ತನ್ನಂಥವರ ಜೊತೆ ಆಡುತ್ತದೆ. ನನಗೆ ಬಹಳ ಮೆಚ್ಚುಗೆಯಾದ ನಿಯಮ ಇದು. ಖಾಸಗಿ, ಪಬ್ಲಿಕ್ ಎಂಬ ಜಗಳಕ್ಕೆ ಇಳಿಯದೆಯೇ ಇದು ಮೂಲ ಕಾರಣಕ್ಕೆ ಕೈ ಹಾಕುತ್ತದೆ.

ಓಹಾಯೊ ಬೇರೆ ದಾರಿ ಹಿಡಿಯಿತು. ಖಾಸಗಿಯವರಿಗೆ ಪ್ರತ್ಯೇಕ ಟೂರ್ನಿ ಮಾಡಿ ಎಂಬ ಒತ್ತಡ ಇಲ್ಲೂ ಜೋರಾಗಿತ್ತು. ಅದರ ಬದಲಿಗೆ ‘ಕಾಂಪಿಟಿಟಿವ್ ಬ್ಯಾಲೆನ್ಸ್’ ಎಂಬ ಪ್ರಸ್ತಾವ ಬಂತು. 2011, 2012, 2013ರಲ್ಲಿ ಪ್ರಿನ್ಸಿಪಾಲರ ಮತದಾನದಲ್ಲಿ ಮೂರೂ ಸಲ ಅಲ್ಪ ಅಂತರದಲ್ಲಿ ಬಿದ್ದು, 2014ರಲ್ಲಿ 411–323 ಮತಗಳಿಂದ ಪಾಸಾಯಿತು. 2017–18ರ ಸಾಲಿನಿಂದ ಜಾರಿಯಲ್ಲಿದೆ. ಇದರಲ್ಲಿ ಇಡೀ ಶಾಲೆಯ ಬದಲು ತಂಡದ ಒಬ್ಬೊಬ್ಬ ಆಟಗಾರರನ್ನೂ ನೋಡುತ್ತಾರೆ. ನಾನು ರೋಸ್ಟರ್ (ತಂಡದ ಹೆಸರುಗಳ ಪಟ್ಟಿ) ಮುಂದಿಟ್ಟುಕೊಂಡು ಆಫೀಸಿನ ಸೆಕ್ರೆಟರಿ ಜೊತೆ ಕೂರುತ್ತೇನೆ. ಪ್ರತಿ ಹೆಸರಿನ ಮುಂದೆ ಎರಡೇ ಪ್ರಶ್ನೆ: ಈ ಹುಡುಗಿಯ ತಂದೆ ತಾಯಿ ಎಲ್ಲಿ ವಾಸವಿದ್ದಾರೆ? ಏಳನೇ ಗ್ರೇಡಿನಿಂದ ಇವಳು ಎಲ್ಲಿ ಓದಿದಳು? ಡಿಸ್ಟ್ರಿಕ್ಟಿನೊಳಗೇ ಮನೆ, ಏಳನೆಯಿಂದ ಇಲ್ಲೇ ಓದು ಎಂದರೆ ಸೊನ್ನೆ. ಓಪನ್ ಎನ್‌ರೋಲ್‌ಮೆಂಟಿನಲ್ಲಿ ಬಂದಿದ್ದರೂ ಏಳನೆಯಿಂದಲೇ ಇಲ್ಲಿದ್ದರೆ ಒಂದು. ಹೊರಗಿನವಳಾಗಿದ್ದು ತಡವಾಗಿ ಬಂದಿದ್ದರೆ ಆಯಾ ಆಟಕ್ಕೆ ಗೊತ್ತು ಮಾಡಿದ ದೊಡ್ಡ ಅಂಕಿ. ಫುಟ್‌ಬಾಲಿಗಿಂತ ಬ್ಯಾಸ್ಕೆಟ್‌ಬಾಲಿನಲ್ಲಿ ಆ ಅಂಕಿ ಹೆಚ್ಚು, ಏಕೆಂದರೆ ಐದು ಜನ ಆಡುವ ಆಟದಲ್ಲಿ ಒಬ್ಬಳು ಬಂದರೂ ತಂಡವೇ ಬದಲಾಗುತ್ತದೆ. ಖಾಸಗಿ ಶಾಲೆಗಾದರೆ ಡಿಸ್ಟ್ರಿಕ್ಟಿನ ಬದಲು ಅದರ ಫೀಡರ್ ಶಾಲೆಯಿಂದ (ಅದಕ್ಕೆ ಮಕ್ಕಳನ್ನು ಕಳಿಸುವ ಕೆಳಗಿನ ಗ್ರೇಡುಗಳ ಶಾಲೆ) ಬಂದಳೇ ಎಂದು ನೋಡುತ್ತಾರೆ. ಬಂದ ಮೊತ್ತವನ್ನು ಶಾಲೆಯ ಎಣಿಕೆಗೆ ಕೂಡಿ ಡಿವಿಷನ್ ಹಾಕುತ್ತಾರೆ.

ಅಂದರೆ ನಿಮ್ಮ ಪಕ್ಕದ ಡಿಸ್ಟ್ರಿಕ್ಟನ್ನು ‘ಯಾರೂ ಕೇಳುವುದಿಲ್ಲ’ ಎಂಬುದು ಸರಿಯಲ್ಲ. ಅದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ತೊಂದರೆ ಇರುವುದು ಪರಿಣಾಮದಲ್ಲಿ. ದೊಡ್ಡ ಅಂಕಿ ಐದು ಎಂದಿಟ್ಟುಕೊಳ್ಳಿ. 180 ಹುಡುಗಿಯರ ಶಾಲೆಯ ತಂಡದಲ್ಲಿ ಒಂಬತ್ತು ಮಂದಿ ಹೊರಗಿನವರಾದರೆ 45 ಸೇರಿ 225 ಆಗುತ್ತದೆ. ಶಾಲೆ ಡಿವಿಷನ್ ಗಡಿಯ ಅಂಚಿನಲ್ಲಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಅತಿ ದೊಡ್ಡ ಡಿವಿಷನ್ನಿನಲ್ಲಿ ಆಗಲೇ ಇರುವ ಶಾಲೆಗಂತೂ ಇದರಿಂದ ಏನೂ ಆಗದು, ಅದಕ್ಕಿಂತ ಮೇಲೆ ಜಾಗವೇ ಇಲ್ಲ. 2024ರಿಂದ ವಾಲಿಬಾಲಿನಲ್ಲಿ ನಾಲ್ಕರ ಬದಲು ಏಳು ಡಿವಿಷನ್ ಮಾಡಿರುವುದರಿಂದ ಮೆಟ್ಟಿಲುಗಳು ಹತ್ತಿರವಾಗಿವೆ, ಲೆಕ್ಕ ಮೊದಲಿಗಿಂತ ಹೆಚ್ಚು ಸಲ ತಾಗುತ್ತದೆ.

ಬೇರೆ ರಾಜ್ಯಗಳ ದಾರಿಗಳಲ್ಲೂ ಒಂದೊಂದಕ್ಕೆ ಒಂದೊಂದು ಬೆಲೆ ಇದೆ. ಇಲಿನಾಯ್ 2005ರಿಂದ ಗಡಿಯಿಲ್ಲದ, ಅಂದರೆ ಒಂದೇ ಡಿಸ್ಟ್ರಿಕ್ಟಿಗೆ ಸೀಮಿತವಲ್ಲದ ಶಾಲೆಗಳ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸುತ್ತಿದೆ. 600 ಮಕ್ಕಳ ಶಾಲೆ 990ರದ್ದಾಗುತ್ತದೆ. ಷಿಕಾಗೋದ ಪಬ್ಲಿಕ್ ಮ್ಯಾಗ್ನೆಟ್ ಶಾಲೆಗಳೂ (ನಗರದ ಎಲ್ಲ ಕಡೆಯಿಂದ ಮಕ್ಕಳನ್ನು ಸೇರಿಸಿಕೊಳ್ಳುವ ವಿಶೇಷ ಶಾಲೆಗಳು) ಇದರಲ್ಲಿ ಬರುತ್ತವೆ ಎಂಬುದು ಈ ನಿಯಮದ ಪ್ರಾಮಾಣಿಕತೆ. ಆದರೆ ಪ್ರತಿವರ್ಷ ಗೆಲ್ಲುವ ಶಾಲೆಗೂ ಎಂದೂ ಗೆಲ್ಲದ ಶಾಲೆಗೂ ಒಂದೇ ಗುಣಕ ಹಾಕಿದರೆ ಎರಡನೆಯದು ನಲುಗಿಹೋಗುತ್ತದೆ. ಅದಕ್ಕೇ ಗೆಲುವಿಲ್ಲದ ತಂಡಗಳಿಗೆ ವಿನಾಯಿತಿ ಕೊಡಬೇಕಾಯಿತು. ಇಂಡಿಯಾನಾ ಆ ತಂಟೆಗೇ ಹೋಗದೆ, ಎರಡು ವರ್ಷಗಳ ಟೂರ್ನಿ ಸಾಧನೆಗೆ ಪಾಯಿಂಟ್ ಕೊಟ್ಟು, ಮಿತಿ ದಾಟಿದ ತಂಡವನ್ನು ಖಾಸಗಿ, ಪಬ್ಲಿಕ್ ಭೇದವಿಲ್ಲದೆ ಮೇಲಿನ ಕ್ಲಾಸಿಗೆ ಏರಿಸುತ್ತದೆ. ಅಲ್ಲಿನ ಕಷ್ಟವೆಂದರೆ ಗೆದ್ದ ಸೀನಿಯರ್‌ಗಳು ಪದವಿ ಪಡೆದು ಹೋಗಿರುತ್ತಾರೆ, ಮೇಲಿನ ಕ್ಲಾಸಿನಲ್ಲಿ ಪೆಟ್ಟು ತಿನ್ನುವುದು ಅವರ ಹಿಂದಿನ ಮಕ್ಕಳು. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಗಾತ್ರಕ್ಕಿಂತ ತಂಡದ ಬಲ ನೋಡಿ ಪ್ಲೇಆಫ್ ಡಿವಿಷನ್ ಮಾಡುತ್ತಾರೆ, ಮೇಟರ್ ಡೇ, ಸೇಂಟ್ ಜಾನ್ ಬಾಸ್ಕೊದಂಥ ಬಲಿಷ್ಠ ಕ್ಯಾಥೊಲಿಕ್ ಶಾಲೆಗಳು ಮೇಲಿನ ಡಿವಿಷನ್ನಿನಲ್ಲಿ ತಮ್ಮ ತಮ್ಮಲ್ಲೇ ಕಾದಾಡುತ್ತಾರೆ.

ನಿಮ್ಮ ಊರಿನವರು ಕೇಳುವ ಪೂರ್ಣ ಪ್ರತ್ಯೇಕತೆಯೂ ಹೊಸದೇನಲ್ಲ. ಟೆಕ್ಸಸ್‌ನಲ್ಲಿ ಎರಡು ಜೆಸ್ಯೂಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಪಂಗಡ) ಶಾಲೆಗಳನ್ನು ಬಿಟ್ಟರೆ ಖಾಸಗಿ ಶಾಲೆಗಳಿಗೆ ಬೇರೆಯೇ ಸಂಸ್ಥೆ ಇದೆ. ನ್ಯೂಜೆರ್ಸಿಯಲ್ಲಿ ಹಲವು ಆಟಗಳಿಗೆ ಪಬ್ಲಿಕ್ ಅಲ್ಲದ ಶಾಲೆಗಳ ಪ್ರಶಸ್ತಿ ಬೇರೆ. ಇದನ್ನು ಜಾರಿ ಮಾಡುವುದು ಸುಲಭ, ನೋಡುವವರಿಗೂ ಅರ್ಥವಾಗುತ್ತದೆ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಎಂಬತ್ತು ಮಕ್ಕಳಿರುವ, ಎಂದೂ ಟ್ರೋಫಿ ನೋಡದ ಚರ್ಚ್ ಶಾಲೆಯನ್ನೂ ಇದು ದೊಡ್ಡ ಕ್ಯಾಥೊಲಿಕ್ ಶಾಲೆಗಳ ಬಾಯಿಗೆ ಹಾಕುತ್ತದೆ. ಶ್ರೀಮಂತ ಸಬರ್ಬು ಮತ್ತು ಬಡ ಹಳ್ಳಿಯ ನಡುವಿನ ಅಂತರ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಓಪನ್ ಎನ್‌ರೋಲ್‌ಮೆಂಟಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಖಾಸಗಿಯವರು ಹೋದ ಮರುವರ್ಷ ನೀವು ನಿಮ್ಮ ಪಕ್ಕದ ಡಿಸ್ಟ್ರಿಕ್ಟಿನ ಮೇಲೆ ಇದೇ ದೂರು ಬರೆಯುತ್ತೀರಿ. ನನ್ನ ಕೈಯಲ್ಲಿದ್ದರೆ ಓಹಾಯೊದ ಆಟಗಾರರ ಲೆಕ್ಕವನ್ನು ಉಳಿಸಿ, ಅದಕ್ಕೆ ಮಿನೆಸೋಟದ ಊಟದ ಲೆಕ್ಕವನ್ನೂ ಇಂಡಿಯಾನಾದ ಗೆಲುವಿನ ಲೆಕ್ಕವನ್ನೂ ಜೋಡಿಸುತ್ತಿದ್ದೆ.

ಈಗ ಮಕ್ಕಳ ವಿಷಯ. ಮಗಳನ್ನು ಈಗ ಶಾಲೆ ಬದಲಿಸಬೇಡಿ ಎಂಬುದು ನನ್ನ ಸಲಹೆ. ಈಗಿರುವ ಟ್ರಾನ್ಸ್‌ಫರ್ ನಿಯಮದ ಪ್ರಕಾರ, ಹೈಸ್ಕೂಲಿನಲ್ಲಿ ಆಡಲು ಶುರು ಮಾಡಿದ ಮೇಲೆ ಶಾಲೆ ಬದಲಿಸಿದವರು ಹಿಂದಿನ ಹನ್ನೆರಡು ತಿಂಗಳಲ್ಲಿ ಆಡಿದ ಆಟದಲ್ಲಿ ಹೊಸ ಶಾಲೆಯ ಪರವಾಗಿ ಸೀಸನ್ನಿನ ಮೊದಲರ್ಧ ಮಾತ್ರ ಆಡಬಹುದು. ಉಳಿದರ್ಧವೂ ಇಲ್ಲ, ಟೂರ್ನಿಯೂ ಇಲ್ಲ. ಯಾವ ಟೂರ್ನಿಗಾಗಿ ಅವಳನ್ನು ಕಳಿಸಬೇಕೆಂದಿದ್ದೀರೋ ಆ ಟೂರ್ನಿಯಲ್ಲೇ ಅವಳು ಬೆಂಚಿನಲ್ಲಿ ಕೂರುತ್ತಾಳೆ. ಇಡೀ ಕುಟುಂಬ ನಿಜವಾಗಿ ಹೊಸ ಡಿಸ್ಟ್ರಿಕ್ಟಿಗೆ ಮನೆ ಬದಲಿಸುವಂಥ ಕೆಲವು ವಿನಾಯಿತಿಗಳಿವೆ. ಆದರೆ ಹೆಸರಿಗೊಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು ಅದನ್ನು ತೋರಿಸಲು ಹೋಗಬೇಡಿ. ಯಾರಾದರೂ ದೂರು ಕೊಟ್ಟರೆ ವಿಚಾರಣೆ ನಡೆಯುತ್ತದೆ. ಅನರ್ಹ ಆಟಗಾರ್ತಿಯನ್ನು ಆಡಿಸಿದ್ದು ಸಾಬೀತಾದರೆ ತಂಡದ ಗೆಲುವುಗಳೂ ಹೋಗುತ್ತವೆ, ಆ ಭಾರ ಹದಿನಾರು ವರ್ಷದ ಹುಡುಗಿಯ ಹೆಗಲಿಗೆ ಬೀಳುತ್ತದೆ.

ಕಾಲೇಜು ಸ್ಕಾಲರ್‌ಶಿಪ್ ನಿಮ್ಮ ಮನಸ್ಸಿನಲ್ಲಿದ್ದರೆ ಇದನ್ನೂ ತಿಳಿದಿರಿ. ಕಾಲೇಜು ವಾಲಿಬಾಲ್ ಕೋಚ್‌ಗಳು ಹೆಚ್ಚಾಗಿ ಹುಡುಗಿಯರನ್ನು ನೋಡುವುದು ಕ್ಲಬ್ ಟೂರ್ನಿಗಳಲ್ಲಿ. ಹೈಸ್ಕೂಲಿನ ಜೆರ್ಸಿ ಯಾವುದು ಎಂಬುದು ಅಲ್ಲಿ ಎಣಿಕೆಗೆ ಬರುವುದಿಲ್ಲ. ಹೈಸ್ಕೂಲಿನಲ್ಲಿ ಆಡುವವರಲ್ಲಿ ಕಾಲೇಜು ತಂಡ ಸೇರುವವರು ನೂರಕ್ಕೆ ಸುಮಾರು ಏಳು ಮಂದಿ. ಅವಳ ಆಸೆ ಅದೇ ಆಗಿದ್ದರೆ ಖಾಸಗಿ ಶಾಲೆಯ ಫೀಸಿಗೆ ಹಾಕುವ ಹಣವನ್ನು ಒಳ್ಳೆಯ ಕ್ಲಬ್ಬಿಗೆ ಹಾಕಿ. ಅದಕ್ಕಿಂತ ಮೊದಲು ಅವಳನ್ನೇ ಕೇಳಿ. ಒಂದನೇ ಗ್ರೇಡಿನಿಂದ ಜೊತೆಗೆ ಬೆಳೆದ ಗೆಳತಿಯರನ್ನು ಬಿಟ್ಟು ಹೋಗುವ ಮನಸ್ಸು ಅವಳಿಗಿದೆಯೇ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಮಗನ ವಿಷಯ ಬೇರೆ. ಒಂಬತ್ತನೇ ಗ್ರೇಡಿನ ಆರಂಭದಲ್ಲಿ ಯಾವ ಶಾಲೆಗೆ ಸೇರಿದರೂ ಅರ್ಹತೆಗೆ ತೊಂದರೆಯಿಲ್ಲ. ಬೇಕಾದ ಹಾಗೆ ಆರಿಸಿಕೊಳ್ಳುವ ಅವಕಾಶ ಬಹುಮಟ್ಟಿಗೆ ಇದೊಂದೇ ಸಲ ಸಿಗುವುದು, ಹಾಗಾಗಿ ಈಗಲೇ ಕೂತು ಯೋಚಿಸಿ. ಓಹಾಯೊದ ಎಡ್‌ಚಾಯ್ಸ್ ವೌಚರ್ (ಖಾಸಗಿ ಶಾಲೆಯ ಫೀಸಿಗೆ ರಾಜ್ಯ ಕೊಡುವ ಹಣ) 2023ರಿಂದ ಎಲ್ಲ ಆದಾಯದವರಿಗೂ ತೆರೆದಿದೆ, ಆದಾಯ ಹೆಚ್ಚಿದಂತೆ ಮೊತ್ತ ಇಳಿಯುತ್ತದೆ. 2023–24ರಲ್ಲಿ ಹೈಸ್ಕೂಲಿಗೆ ಗರಿಷ್ಠ 8,407 ಡಾಲರ್ ಇತ್ತು. ಆದರೆ ಈ ಯೋಜನೆ ಸಂವಿಧಾನಕ್ಕೆ ವಿರುದ್ಧ ಎಂದು 2025ರ ಜೂನಿನಲ್ಲಿ ಫ್ರಾಂಕ್ಲಿನ್ ಕೌಂಟಿಯ ನ್ಯಾಯಾಧೀಶರು ತೀರ್ಪು ಕೊಟ್ಟರು, ಮೇಲ್ಮನವಿ ಇರುವುದರಿಂದ ನಿಲ್ಲಿಸಲಿಲ್ಲ. ವೌಚರನ್ನೇ ನಂಬಿ ನಾಲ್ಕು ವರ್ಷದ ಫೀಸಿನ ಲೆಕ್ಕ ಹಾಕಬೇಡಿ, ಅದಿಲ್ಲದೆಯೂ ಕಟ್ಟಬಲ್ಲಿರಾ ನೋಡಿ. ಇನ್ನೊಂದು ಮಾತು: ಹೆಸರು ಮಾಡಿದ ಬ್ಯಾಸ್ಕೆಟ್‌ಬಾಲ್ ಶಾಲೆಯಲ್ಲಿ ನಿಮ್ಮ ಮಗನಂಥ ಹುಚ್ಚಿನ ಹುಡುಗರು ಬಹಳ ಮಂದಿ ಇರುತ್ತಾರೆ. ನಿಮ್ಮ ಊರಿನ ಶಾಲೆಯಲ್ಲಿ ಹತ್ತನೇ ಗ್ರೇಡಿಗೇ ಅಂಕಣಕ್ಕಿಳಿಯುವ ಹುಡುಗ ಅಲ್ಲಿ ಹನ್ನೆರಡನೆಯವರೆಗೂ ಬೆಂಚಿನಲ್ಲಿ ಕೂರಬಹುದು. ಆಟ ಬಿಟ್ಟರೂ ಆ ಶಾಲೆಯಲ್ಲಿ ಓದಲು ಅವನಿಗೆ ಇಷ್ಟವೇ ಎಂದು ಕೇಳಿ. ಹೌದು ಎಂದರೆ ಸೇರಿಸಿ.

ಯಾವುದೇ ತೀರ್ಮಾನಕ್ಕೆ ಮೊದಲು ಎರಡೂ ಶಾಲೆಗಳ ಅಥ್ಲೆಟಿಕ್ ಡೈರೆಕ್ಟರ್‌ಗಳಿಂದ ಅರ್ಹತೆಯ ವಿಷಯವನ್ನು ಈಮೇಲಿನಲ್ಲಿ ಬರೆಸಿಕೊಳ್ಳಿ. ಕೋಚ್ ಬಾಯಿಮಾತಿನಲ್ಲಿ ‘ಏನೂ ತೊಂದರೆಯಿಲ್ಲ’ ಎಂದದ್ದು ಲೆಕ್ಕಕ್ಕಿಲ್ಲ. ವ್ಯವಸ್ಥೆಯ ಬಗ್ಗೆ ನಿಮಗಿರುವ ಸಿಟ್ಟಿಗೂ ಒಂದು ದಾರಿಯಿದೆ. ಅಸೋಸಿಯೇಷನ್ನಿನ ನಿಯಮ ಬದಲಾಗುವುದು ಪ್ರತಿವರ್ಷ ಮೇ ತಿಂಗಳ ಮೊದಲ ಎರಡು ವಾರ ನಡೆಯುವ ಮತದಾನದಲ್ಲಿ, ಒಂದು ಶಾಲೆಗೆ ಒಂದು ಮತ, ಹಾಕುವವರು ಪ್ರಿನ್ಸಿಪಾಲರು. ಪೋಷಕರು ಬಂದು ಇಂಥ ಪ್ರಸ್ತಾವದ ಬಗ್ಗೆ ಮಾತಾಡುವುದು ತೀರಾ ಅಪರೂಪ. ಚಳಿಗಾಲ ಮುಗಿಯುವ ಮೊದಲೇ ನಿಮ್ಮ ಪ್ರಿನ್ಸಿಪಾಲರನ್ನು ಭೇಟಿಯಾಗಿ, ಈ ವರ್ಷ ಏನು ಮತಕ್ಕೆ ಬರುತ್ತಿದೆ ಎಂದು ಕೇಳಿ. ಮಿನೆಸೋಟದ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಸಾಧ್ಯವಾದರೆ ಪಕ್ಕದ ಡಿಸ್ಟ್ರಿಕ್ಟಿನ ಪೋಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.